ಹಿಂದಿನ ಸಸ್ಪೆನ್ಶನ್ ಸವೆದಿದೆಯಾ? ಶಾಕ್ ಅಬ್ಸಾರ್ಬರ್ ಬದಲಿಸುವ ಮೊದಲು ಇಷ್ಟು ನೋಡಿ

ಕಾರಿನ ಹಿಂದೆ ಟಕ್ ಟಕ್ ಶುರುವಾಯಿತು ಅಂದರೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: ಶಾಕ್ ಅಬ್ಸಾರ್ಬರ್ ಹೋಗಿದೆ, ಎರಡೂ ಬದಲಿಸಿ. ಬದಲಿಸುತ್ತೀರಿ. ದುಡ್ಡು ಕೊಟ್ಟು ಹೊರಗೆ ಬಂದು ಮೊದಲ ಹಂಪ್ ದಾಟುವಾಗ ಮತ್ತೆ ಅದೇ ಟಕ್ ಟಕ್. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರ ಆಗುತ್ತದೆ, ಯಾಕೆಂದರೆ ಬಿಚ್ಚಿ ಬಿಸಾಡಿದ ಶಾಕ್ ಅಬ್ಸಾರ್ಬರ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಸವೆದದ್ದು ಅದರ ಪಕ್ಕದ ರಬ್ಬರು. ಹಿಂದಿನ ಸಸ್ಪೆನ್ಶನ್‌ನಲ್ಲಿ ಯಾವ ಭಾಗ ಸವೆದಿದೆ ಅಂತ ಕಣ್ಣಿಂದ ನೋಡಿ, ಕೈಯಿಂದ ಅಲ್ಲಾಡಿಸಿ ಖಾತ್ರಿ ಆಗುವ ತನಕ ಒಂದು ಪಾರ್ಟೂ ತರಬೇಡಿ. ಅದನ್ನು ಖಾತ್ರಿ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನದ್ದನ್ನು ನೀವೇ ಮನೆಯ ಅಂಗಳದಲ್ಲಿ ನೋಡಬಹುದು.

ನಿಮ್ಮ ಕಾರಿನ ಹಿಂದೆ ಇರುವುದು ಯಾವ ಬಗೆ

ನಾವು ಸುಮ್ನೆ ಎಸ್‌ಯುವಿ ಅಂತ ಕರೆಯುವ ಹೆಚ್ಚಿನ ಗಾಡಿಗಳು ಕ್ರಾಸ್‌ಓವರ್‌ಗಳೇ. ಬೇರೆ ಚಾಸಿಸ್ ಇಲ್ಲ, ಕಾರಿನ ಬಾಡಿಯೇ ಎತ್ತರ ಆಗಿದೆ ಅಷ್ಟೆ. ಕ್ರೆಟಾ, ಬ್ರೆಝಾ, ನೆಕ್ಸಾನ್ ಇವುಗಳ ಹಿಂದೆ ಇರುವುದು ಟ್ವಿಸ್ಟ್ ಬೀಮ್. ಕೆಲವರು ಟಾರ್ಶನ್ ಬೀಮ್ ಅಂತಲೂ ಹೇಳುತ್ತಾರೆ. ಎರಡು ಹಿಂದಿನ ಗಾಲಿಗಳನ್ನು ಜೋಡಿಸುವ ಒಂದು ಉಕ್ಕಿನ ಬೀಮ್, ಅದನ್ನು ಕಾರಿನ ಬಾಡಿಯ ಜೊತೆ ಜೋಡಿಸುವ ಎರಡು ದೊಡ್ಡ ಬುಷ್ (ನಡುವೆ ಲೋಹದ ಕೊಳವೆ, ಸುತ್ತ ರಬ್ಬರು ಇರುವ ಭಾಗ), ಎರಡು ಸ್ಪ್ರಿಂಗ್, ಆ ಸ್ಪ್ರಿಂಗ್ ಕುಣಿಯುವುದನ್ನು ತಡೆಯುವ ಎರಡು ಶಾಕ್ ಅಬ್ಸಾರ್ಬರ್. ಸವೆಯುವ ಜಾಗ ಕಡಿಮೆ. ಆದ್ದರಿಂದ ಹುಡುಕುವುದೂ ಸುಲಭ.

ಎಕ್ಸ್‌ಯುವಿ700, ಟಕ್ಸನ್, ಹಳೆ ಡಸ್ಟರ್‌ನ ಆಲ್ ವೀಲ್ ಡ್ರೈವ್ ಇಂಥವುಗಳಲ್ಲಿ ಮಲ್ಟಿ ಲಿಂಕ್ ಉಂಟು. ಪ್ರತಿ ಗಾಲಿಗೂ ಬೇರೆ ಬೇರೆ ಆರ್ಮ್‌ಗಳು, ಪ್ರತಿ ಆರ್ಮಿನ ಎರಡೂ ತುದಿಗೆ ಬುಷ್ ಅಥವಾ ಬಾಲ್ ಜಾಯಿಂಟ್, ಜೊತೆಗೆ ತಿರುವಿನಲ್ಲಿ ಕಾರು ವಾಲುವುದನ್ನು ಕಡಿಮೆ ಮಾಡುವ ಸ್ಟೆಬಿಲೈಸರ್ ಬಾರ್, ಅದನ್ನು ಜೋಡಿಸುವ ಸಣ್ಣ ಲಿಂಕ್ ರಾಡ್. ಗುಂಡಿ ರಸ್ತೆಯಲ್ಲಿ ಸುಖ ಜಾಸ್ತಿ, ಸವೆಯುವ ಜಾಗವೂ ಜಾಸ್ತಿ. ಇದನ್ನು ಮೊದಲು ತಿಳಿದುಕೊಂಡರೆ ಒಂದು ಲಾಭ ಉಂಟು. ಟ್ವಿಸ್ಟ್ ಬೀಮ್ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದೆ ಲಿಂಕ್ ರಾಡ್ ಇರುವುದೇ ಇಲ್ಲ. ಯಾರಾದರೂ ಹಿಂದಿನ ಲಿಂಕ್ ರಾಡ್ ಬದಲಿಸಬೇಕು ಅಂದರೆ ತೋರಿಸಿ ಅಂತ ಕೇಳಿ.

ನಮ್ಮ ಕರಾವಳಿಯಲ್ಲಿ ಬೇಗ ಹಾಳಾಗುವುದು ಯಾಕೆ

ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನೀರು ನಿಂತ ಗುಂಡಿಯ ಆಳ ಗೊತ್ತಾಗುವುದಿಲ್ಲ, ಗಾಲಿ ಇಳಿದ ಮೇಲೆಯೇ ಗೊತ್ತಾಗುವುದು. ಮೇಲಿಂದ ಉಪ್ಪುಗಾಳಿ. ಮಲ್ಪೆ, ಮಂಗಳೂರು ಬಂದರಿನ ಕಡೆಯಿಂದ ಹೊರಡುವ ಮೀನಿನ ಲಾರಿಗಳು 66ನೇ ಹೆದ್ದಾರಿಯಲ್ಲಿ ಉಪ್ಪುನೀರು ಸುರಿಸಿಕೊಂಡು ಹೋಗುತ್ತವೆ, ಹಿಂದೆ ಹೋಗುವ ನಮ್ಮ ಕಾರಿನ ಅಡಿಗೆ ಅದು ನೇರ ಚಿಮ್ಮುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಹತ್ತಿ ಇಳಿಯುವವರ ಗಾಡಿಗೆ ತಿರುವುಗಳಲ್ಲಿ ಬುಷ್‌ಗಳ ಮೇಲೆ ಬೀಳುವ ಭಾರ ಬೇರೆ.

ಉಪ್ಪು ಎರಡು ಕೆಲಸ ಮಾಡುತ್ತದೆ. ಸ್ಪ್ರಿಂಗ್‌ನ ಬಣ್ಣ ಎದ್ದ ಜಾಗದಲ್ಲಿ ತುಕ್ಕು ಹಿಡಿಸುತ್ತದೆ. ಅದು ನಿಧಾನವಾಗಿ ಒಳಗೆ ಹೋಗಿ ಒಂದು ದಿನ ಸುತ್ತು ಮುರಿಯುತ್ತದೆ. ಇನ್ನೊಂದು, ಬುಷ್ ಒಳಗಿನ ಲೋಹದ ಕೊಳವೆಗೆ ಬೋಲ್ಟ್ ಅಂಟಿಕೊಳ್ಳುವ ಹಾಗೆ ಮಾಡುತ್ತದೆ. ಆಮೇಲೆ ಬಿಚ್ಚಲಿಕ್ಕೆ ಹೋದರೆ ಬೋಲ್ಟ್ ಕತ್ತರಿಸುವುದೇ ದಾರಿ.

ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆ ಹಳೆ ಇಂಜಿನ್ ಆಯಿಲ್ ಅಥವಾ ಡೀಸೆಲ್ ಹೊಡೆಸುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ತುಕ್ಕಿಗೆ ಸ್ವಲ್ಪ ತಡೆ ಆಗಬಹುದು, ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದ ನೈಸರ್ಗಿಕ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಬುಷ್ ಕಾಯಲಿಕ್ಕೆ ಹೋಗಿ ಬುಷ್ ಕೊಂದ ಹಾಗಾಗುತ್ತದೆ. ಸಿಹಿನೀರಿನಲ್ಲಿ ಅಡಿ ತೊಳೆಸುವುದು ಸಾಕು. ಮಲ್ಪೆಯಲ್ಲೋ ಕಾಪುವಿನಲ್ಲೋ ಗಾಲಿಗೆ ಸಮುದ್ರದ ನೀರು ತಾಗಿದ್ದರೆ ಅದೇ ದಿನ ತೊಳೆಯಿರಿ.

ಮೊದಲು ಡಿಕ್ಕಿ ಖಾಲಿ ಮಾಡಿ

ಇದನ್ನು ಯಾರೂ ಮಾಡುವುದಿಲ್ಲ. ಸ್ಟೆಪ್ನಿ ಸಡಿಲ ಇದ್ದರೆ, ಜಾಕಿ ಅದರ ಜಾಗದಲ್ಲಿ ಕೂತಿರದಿದ್ದರೆ, ಹಿಂದಿನ ಸೀಟಿನ ಲಾಕ್ ಸವೆದಿದ್ದರೆ, ಸೈಲೆನ್ಸರ್ ತೂಗುವ ರಬ್ಬರು ಹರಿದಿದ್ದರೆ ಬರುವ ಶಬ್ದ ಸಸ್ಪೆನ್ಶನ್ ಶಬ್ದದ ಹಾಗೆಯೇ ಕೇಳುತ್ತದೆ. ಎಲ್ಲ ತೆಗೆದು ಕೆಳಗಿಡಿ. ಪಾರ್ಸೆಲ್ ಟ್ರೇ, ಮಕ್ಕಳ ಸೀಟು, ಕೊಡೆ, ನೀರಿನ ಬಾಟಲಿ ಕೂಡ. ಹಿಂದಿನ ಸೀಟನ್ನು ಸರಿಯಾಗಿ ಲಾಕ್ ಮಾಡಿ. ಟಯರ್ ಗಾಳಿಯನ್ನು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಬರೆದಷ್ಟಕ್ಕೆ ತನ್ನಿ. ಗಾಳಿ ಜಾಸ್ತಿ ತುಂಬಿದ ಟಯರಿನಲ್ಲಿ ಒಳ್ಳೆ ಸಸ್ಪೆನ್ಶನ್ನೂ ಕೆಟ್ಟ ಹಾಗೆ ಅನಿಸುತ್ತದೆ. ಇಷ್ಟು ಮಾಡಿ ಒಂದು ಸುತ್ತು ಹೋಗಿ ಬನ್ನಿ. ಶಬ್ದ ಇಲ್ಲದಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು.

ಓಡಿಸಿ ಕೇಳುವುದು

ಡ್ರೈವರ್ ಸೀಟಿನಲ್ಲಿ ಕೂತವರಿಗೆ ಹಿಂದಿನ ಶಬ್ದ ಸರಿಯಾಗಿ ತಿಳಿಯುವುದಿಲ್ಲ. ಎಡದ್ದೋ ಬಲದ್ದೋ ಅಂತಲೂ ಗೊತ್ತಾಗುವುದಿಲ್ಲ. ಬೇರೆಯವರ ಕೈಗೆ ಸ್ಟೇರಿಂಗ್ ಕೊಟ್ಟು ನೀವು ಹಿಂದೆ ಕೂತುಕೊಳ್ಳಿ. ಕಾಂಪೌಂಡ್ ಗೋಡೆ ಇರುವ ಒಳರಸ್ತೆಯಲ್ಲಿ ಗಾಜು ಇಳಿಸಿ ನಿಧಾನ ಹೋಗಿ, ಗೋಡೆಗೆ ತಾಗಿ ಮರಳುವ ಶಬ್ದ ತುಂಬಾ ಸ್ಪಷ್ಟ ಕೇಳುತ್ತದೆ. ಹಂಪ್ ಅನ್ನು ನೇರ ದಾಟಬೇಡಿ, ಸ್ವಲ್ಪ ಓರೆಯಾಗಿ ದಾಟಿ. ಆಗ ಒಂದು ಗಾಲಿ ಏರಿ ಇನ್ನೊಂದು ಕೆಳಗಿರುತ್ತದೆ, ಯಾವ ಬದಿ ಅಂತ ಗೊತ್ತಾಗುತ್ತದೆ. ಹೆದ್ದಾರಿಯಲ್ಲಾದರೆ ಕೂಳೂರು, ಉದ್ಯಾವರ, ನೇತ್ರಾವತಿ ಸೇತುವೆಗಳ ಜಾಯಿಂಟ್‌ಗಳು ಒಳ್ಳೆ ಪರೀಕ್ಷೆ. ಪ್ರತಿ ಸಲ ಒಂದೇ ಸೇತುವೆ, ಒಂದೇ ವೇಗ ಇಟ್ಟುಕೊಂಡರೆ ಹಿಂದಿನ ತಿಂಗಳಿಗೂ ಈ ತಿಂಗಳಿಗೂ ವ್ಯತ್ಯಾಸ ತಿಳಿಯುತ್ತದೆ. ಅದಕ್ಕೋಸ್ಕರ ಹೆದ್ದಾರಿಯಲ್ಲಿ ವೇಗ ಇಳಿಸಬೇಡಿ ಮತ್ತೆ, ಹಿಂದೆ ಬಸ್ಸು ಬರುತ್ತಿರುತ್ತದೆ.

ಈಗ ಶಬ್ದ ಎಂಥದ್ದು ಅಂತ ಗಮನಿಸಿ.

ಸಣ್ಣ ಸಣ್ಣ ಉಬ್ಬುತಗ್ಗಿಗೆ ಟಕ್ ಟಕ್, ದೊಡ್ಡ ಹಂಪ್‌ಗೆ ಏನೂ ಇಲ್ಲ ಅಂದರೆ ಎಲ್ಲೋ ಸ್ವಲ್ಪ ಸಡಿಲ ಉಂಟು. ಮಲ್ಟಿ ಲಿಂಕ್ ಆದರೆ ಲಿಂಕ್ ರಾಡ್ ಮೊದಲು ನೋಡಿ. ಟ್ವಿಸ್ಟ್ ಬೀಮ್ ಆದರೆ ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟ್. ಅದು ಅಂಗೈಯಷ್ಟು ಸಣ್ಣ ಭಾಗ, ಆದರೆ ಹೋದರೆ ಇಡೀ ಕಾರೇ ಬಿಚ್ಚಿಹೋದ ಹಾಗೆ ಕೇಳುತ್ತದೆ. ಇಂಥ ಶಬ್ದ ಬರುವಾಗ ಬ್ರೇಕ್ ಪೆಡಲ್ ಮೇಲೆ ಹಗುರ ಕಾಲಿಡಿ. ಶಬ್ದ ನಿಂತುಹೋದರೆ ಅದು ಸಸ್ಪೆನ್ಶನ್ ಅಲ್ಲ, ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಅಲ್ಲಾಡುತ್ತಿದೆ.

ದೊಡ್ಡ ಗುಂಡಿಗೆ ಮಾತ್ರ ಧಡ್ ಅಂತ ಒಂದೇ ಏಟು, ಅದೂ ಐದು ಜನ ಕೂತು ಡಿಕ್ಕಿ ತುಂಬಿಸಿ ಧರ್ಮಸ್ಥಳಕ್ಕೆ ಹೊರಟಾಗ ಮಾತ್ರ ಬರುತ್ತದೆ ಅಂದರೆ ಬಂಪ್ ಸ್ಟಾಪ್ (ಸಸ್ಪೆನ್ಶನ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಮೆತ್ತನೆ ತುಂಡು) ಪುಡಿಯಾಗಿರಬಹುದು, ಸ್ಪ್ರಿಂಗ್ ಕುಸಿದಿರಬಹುದು, ಇಲ್ಲವೇ ಶಾಕ್ ಅಬ್ಸಾರ್ಬರ್ ನಿಜವಾಗಿಯೂ ಸತ್ತಿರಬಹುದು. ರಿವರ್ಸ್ ತೆಗೆದು ಬ್ರೇಕ್ ಹಾಕಿದಾಗ, ಮತ್ತೆ ಮುಂದೆ ಹೋಗಿ ಬ್ರೇಕ್ ಹಾಕಿದಾಗ ಒಂದೊಂದು ಟಕ್ ಕೇಳಿದರೆ ಬೀಮ್‌ನ ಬುಷ್ ಅಥವಾ ಟ್ರೇಲಿಂಗ್ ಆರ್ಮ್ (ಗಾಲಿಯನ್ನು ಮುಂದೆ ಹಿಂದೆ ಸರಿಯದಂತೆ ಹಿಡಿಯುವ ಆರ್ಮ್) ಬುಷ್ ಮೇಲೆ ಅನುಮಾನ ಇಡಿ. ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಟಕ್ ಅಂದರೆ ಡಿಫರೆನ್ಷಿಯಲ್ ಮೌಂಟ್, ಡ್ರೈವ್ ಶಾಫ್ಟ್ ಕೂಡ ನೋಡಿಸಬೇಕು.

ಕಿರ್ ಕಿರ್ ಅನ್ನುವುದು ಬೇರೆ ಜಾತಿ. ರಬ್ಬರು ಒಣಗಿ ಲೋಹಕ್ಕೆ ಉಜ್ಜುವ ಶಬ್ದ ಅದು. ನಮ್ಮಲ್ಲಿ ಇದರ ಒಂದು ತೊಂದರೆ ಏನೆಂದರೆ ಮಳೆಗಾಲದಲ್ಲಿ ಬುಷ್ ಒದ್ದೆಯಾಗಿ ಈ ಶಬ್ದ ಮಾಯ ಆಗುತ್ತದೆ. ಜುಲೈಯಲ್ಲಿ ಗ್ಯಾರೇಜಿಗೆ ಹೋದರೆ ಏನೂ ಇಲ್ಲ ಅಂತ ಕಳಿಸುತ್ತಾರೆ. ದೀಪಾವಳಿಗೆ ಮತ್ತೆ ಶುರು. ಟಕ್ ಟಕ್ ಮಾತ್ರ ಹೆಚ್ಚಾಗಿ ಮಳೆಯಲ್ಲೂ ಬಿಸಿಲಲ್ಲೂ ಒಂದೇ ತರಹ. ಆದ್ದರಿಂದ ತಪಾಸಣೆಗೆ ಒಳ್ಳೆ ಸಮಯ ಎರಡು: ಮಳೆ ಹಿಡಿಯುವ ಮೊದಲು ಮೇ ತಿಂಗಳು, ಮಳೆ ಬಿಟ್ಟು ನೆಲ ಒಣಗಿದ ನವೆಂಬರ್. 50,000 ಕಿಲೋಮೀಟರ್ ದಾಟಿದ ಗಾಡಿಗೆ ಎರಡೂ ಸಲ ಮಾಡಿದರೆ ಒಳ್ಳೆಯದು.

ವೇಗ ಏರಿದಂತೆ ಏರುವ ಗುಂಯ್ ಶಬ್ದ ವೀಲ್ ಬೇರಿಂಗ್‌ದು ಇರಬಹುದು, ಟಯರ್‌ದೂ ಇರಬಹುದು. ಖಾಲಿ ಅಗಲ ರಸ್ತೆಯಲ್ಲಿ ಸ್ಟೇರಿಂಗನ್ನು ಮೆಲ್ಲ ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸಿ. ಎಡಕ್ಕೆ ತಿರುಗುವಾಗ ಭಾರ ಬಲಗಾಲಿಗೆ ಹೋಗುತ್ತದೆ. ಆಗ ಶಬ್ದ ಜಾಸ್ತಿ ಆದರೆ ಹೆಚ್ಚಾಗಿ ಬಲದ ಬೇರಿಂಗ್. ಏನೂ ಬದಲಾಗದಿದ್ದರೆ ಹಿಂದಿನ ಟಯರನ್ನು ಮುಂದೆ ಹಾಕಿಸಿ ನೋಡಿ, ಶಬ್ದವೂ ಮುಂದೆ ಬಂದರೆ ಟಯರ್‌ದೇ.

ಟಯರ್ ಎಲ್ಲವನ್ನೂ ಹೇಳುತ್ತದೆ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಭಾಗ ಇದು, ಕಾಸು ಖರ್ಚಿಲ್ಲದ್ದು ಕೂಡ. ಹಿಂದಿನ ಟಯರಿನ ಒಳಬದಿ ಯಾರಿಗೂ ಕಾಣುವುದಿಲ್ಲ. ಕೈ ಹಾಕಿ ಮುಟ್ಟಿ, ಫೋನಿನ ಟಾರ್ಚ್ ಹಾಕಿ ನೋಡಿ.

ಅಂಗೈಯನ್ನು ಟಯರಿನ ಮೇಲೆ ಹೊರಗಿಂದ ಒಳಕ್ಕೆ ಸವರಿ, ಮತ್ತೆ ಒಳಗಿಂದ ಹೊರಕ್ಕೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಅಂಚು ಕೈಗೆ ಚುಚ್ಚುತ್ತದೆ ಅಂದರೆ ಟೋ (ಮೇಲಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ, ಗಾಲಿ ನೇರ ಉರುಳದೆ ಸ್ವಲ್ಪ ಉಜ್ಜಿಕೊಂಡು ಹೋಗುತ್ತಿದೆ. ಒಳಅಂಚು ಮಾತ್ರ ಬೋಳಾಗಿ ಉಳಿದದ್ದು ಹೊಸದರ ಹಾಗಿದ್ದರೆ ಕ್ಯಾಂಬರ್ (ಹಿಂದಿನಿಂದ ನೋಡಿದಾಗ ಗಾಲಿ ವಾಲಿರುವ ಕೋನ) ಮತ್ತು ಟೋ ಎರಡೂ ನೋಡಬೇಕು. ಸುತ್ತಲೂ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಇದ್ದರೆ ಗಾಲಿ ರಸ್ತೆಯ ಮೇಲೆ ಕುಣಿಯುತ್ತಿದೆ ಅಂತ. ಶಾಕ್ ಅಬ್ಸಾರ್ಬರ್ ಸೋತಿರುವುದಕ್ಕೆ ಇದು ನಾನು ನಂಬುವ ಗುರುತು. ಅದರ ಜೊತೆ ವೀಲ್ ಬ್ಯಾಲೆನ್ಸಿಂಗ್ ಮತ್ತು ಬೇರಿಂಗ್ ಕೂಡ ಒಮ್ಮೆ ನೋಡಿಸಿ, ಅವುಗಳಿಂದಲೂ ಹೀಗಾಗುತ್ತದೆ.

ಡಿಕ್ಕಿಯ ಮೇಲೆ ಭಾರ ಹಾಕಿ ಒತ್ತಿ ಬಿಟ್ಟು, ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಹಳೆ ಪರೀಕ್ಷೆ ಎಲ್ಲರಿಗೂ ಗೊತ್ತು. ಒತ್ತಿ ಬಿಟ್ಟ ಮೇಲೂ ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಖಂಡಿತ ಹೋಗಿದೆ. ಆದರೆ ಕುಣಿಯಲಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಈಗಿನ ಗಾಡಿಗಳ ಸ್ಪ್ರಿಂಗ್ ಬಿಗಿ, ಕೈಯಲ್ಲಿ ಒತ್ತುವ ವೇಗಕ್ಕೂ ಗುಂಡಿಗೆ ಬೀಳುವ ವೇಗಕ್ಕೂ ಹೋಲಿಕೆಯೇ ಇಲ್ಲ.

ಎತ್ತರವನ್ನೂ ಅಳೆಯಿರಿ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಗಾಲಿಯ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನ ತನಕ ಟೇಪ್ ಹಿಡಿಯಿರಿ. ಎಡಕ್ಕೂ ಬಲಕ್ಕೂ 10 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದು ಸ್ಪ್ರಿಂಗ್ ಮುರಿದಿದೆಯಾ ಅಂತ ನೋಡಲೇಬೇಕು. ಸ್ಪ್ರಿಂಗ್ ಹೆಚ್ಚಾಗಿ ತುದಿಯ ಸುತ್ತಿನಲ್ಲಿ ಮುರಿಯುತ್ತದೆ. ತುಂಡು ರಬ್ಬರ್ ಸೀಟಿನಲ್ಲೇ ಕೂತಿರುತ್ತದೆ, ಕಾರು ಓಡುತ್ತಲೇ ಇರುತ್ತದೆ, ಆದ್ದರಿಂದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಎರಡೂ ಬದಿಯ ತುದಿ ಎಲ್ಲಿ ಮುಗಿಯುತ್ತದೆ ಅಂತ ಹೋಲಿಸಿ ನೋಡಿ.

ಎತ್ತಿ ನೋಡುವುದು

ಇಲ್ಲಿ ಜಾಗ್ರತೆ ಬೇಕು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಹಿಂದೆ ಎತ್ತಿದ ಮೇಲೆ ಅದು ಕಾರನ್ನು ನಿಲ್ಲಿಸುವುದಿಲ್ಲ. ಮುಂದಿನ ಎರಡೂ ಗಾಲಿಗೆ ಎರಡೂ ಬದಿಯಿಂದ ಮರದ ತುಂಡೋ ಕಲ್ಲೋ ಅಡ್ಡ ಕೊಡಿ, ಗೇರ್ ಹಾಕಿಡಿ, ಆಟೋಮ್ಯಾಟಿಕ್ ಆದರೆ ಪಾರ್ಕ್. ಅಂಗಳ ಮುರಕಲ್ಲಿನ ಮಣ್ಣಾದರೆ, ಇಂಟರ್‌ಲಾಕ್ ಆದರೂ ಕೂಡ, ಜಾಕಿ ಹೂತು ಓರೆಯಾಗುತ್ತದೆ. ಕೆಳಗೆ ದಪ್ಪ ಹಲಗೆ ಇಡಿ. ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ. ಜಾಕಿ ಸ್ಟ್ಯಾಂಡ್ ಇಲ್ಲದಿದ್ದರೆ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ ಅವರ ಪಕ್ಕದಲ್ಲೇ ನಿಂತು ನೋಡಿ. ಬೇಡ ಅನ್ನುವವರು ಕಡಿಮೆ.

ಗಾಲಿ ಎತ್ತಿದ ಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಮತ್ತೆ ಎಡ ಬಲ ಹಿಡಿದು. ಆಟ, ಅಂದರೆ ಸಡಿಲ, ಇರಲೇಬಾರದು. ಎರಡೂ ದಿಕ್ಕಿನಲ್ಲಿ ಆಡಿದರೆ ಬೇರಿಂಗ್, ಎಡ ಬಲಕ್ಕೆ ಮಾತ್ರ ಆಡಿದರೆ ಮಲ್ಟಿ ಲಿಂಕ್‌ನಲ್ಲಿ ಟೋ ಲಿಂಕ್, ಅಂದರೆ ಟೋ ಕೋನವನ್ನು ಹಿಡಿದಿಡುವ ಆರ್ಮ್. ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಕೈಯಲ್ಲಿ ಗಾಲಿ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಹಗುರ ಇಡಿ. ಬೇರಿಂಗ್ ಒರಟಾಗಿದ್ದರೆ ಕಿವಿಗೆ ಕೇಳದಿದ್ದರೂ ಸ್ಪ್ರಿಂಗ್ ಮೂಲಕ ಬೆರಳಿಗೆ ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಆದರೆ ಗಾಲಿಗೆ ಅಡ್ಡ ಕೊಟ್ಟದ್ದನ್ನು ಇನ್ನೊಮ್ಮೆ ನೋಡಿಯೇ ಬಿಡಿಸಿ.

ಬುಷ್ ನೋಡುವಾಗ ಮೇಲಿನ ಸಣ್ಣ ಬಿರುಕಿಗೆ ಹೆದರಬೇಡಿ, ವಯಸ್ಸಾದ ರಬ್ಬರು ಹಾಗೇ ಕಾಣುವುದು. ಆಳಕ್ಕೆ ಹರಿದಿದೆಯಾ, ಒಳಗಿನ ಕೊಳವೆಯಿಂದ ರಬ್ಬರು ಕಿತ್ತು ಬಂದಿದೆಯಾ, ಕೊಳವೆ ಒಂದು ಬದಿಗೆ ವಾಲಿದೆಯಾ, ಅದನ್ನು ನೋಡಿ. ಲಿವರ್ ಹಾಕಿ ಮೆಲ್ಲ ಮೀಟಿ. ರಬ್ಬರು ಬಗ್ಗಿ ಮರಳಿದರೆ ಸರಿ, ಲೋಹಕ್ಕೆ ಲೋಹ ತಾಗಿದರೆ ಮುಗಿಯಿತು. ಕೆಲವು ಬುಷ್‌ಗಳ ಒಳಗೆ ದ್ರವ ತುಂಬಿರುತ್ತದೆ, ಅವು ಒಡೆದರೆ ಕಪ್ಪು ಕಲೆ ಇಳಿದಿರುತ್ತದೆ.

ಶಾಕ್ ಅಬ್ಸಾರ್ಬರ್ ಮೇಲೆ ಧೂಳು ಹಿಡಿದ ತೆಳು ಎಣ್ಣೆ ಪಸೆ ಕಂಡರೆ ಗಾಬರಿ ಬೇಡ. ಅದು ಮಾಮೂಲಿ. ಎಣ್ಣೆ ಒದ್ದೆಯಾಗಿ ಕೆಳಗಿನ ತನಕ ಇಳಿದಿದ್ದರೆ, ತೊಡೆದು ಸ್ವಲ್ಪ ಓಡಿಸಿದ ಮೇಲೆ ಮತ್ತೆ ಇಳಿದಿದ್ದರೆ ಅದು ಲೀಕ್. ಆಗ ಮೇಲಿನ ಡಸ್ಟ್ ಕವರ್ ನೋಡಿ. ಅದು ಹರಿದರೆ ಮರಳು, ಉಪ್ಪು ಪಿಸ್ಟನ್ ರಾಡ್‌ಗೆ ಅಂಟಿ ಸೀಲ್ ತಿನ್ನುತ್ತದೆ. ಕವರ್ ಮತ್ತು ಬಂಪ್ ಸ್ಟಾಪ್ ಬದಲಿಸದೆ ಹೊಸ ಶಾಕ್ ಅಬ್ಸಾರ್ಬರ್ ಮಾತ್ರ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬದಲಿಸುವುದಾದರೆ ಎಡ ಬಲ ಎರಡೂ ಒಟ್ಟಿಗೆ. ಸ್ಪ್ರಿಂಗ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ, ಒತ್ತಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ. ಟ್ವಿಸ್ಟ್ ಬೀಮ್ ಕಾರಿನಲ್ಲಿ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ಕೂಡ ಬೀಮ್‌ಗೆ ಆಧಾರ ಕೊಡದೆ ಬಿಚ್ಚಬಾರದು, ಬೀಮ್ ಇಳಿದು ಸ್ಪ್ರಿಂಗ್ ಹೊರಗೆ ಬರಬಹುದು.

ಅಲೈನ್‌ಮೆಂಟ್ ಚೀಟಿ ಓದಿ

ಮುಂದಿನ ಎರಡು ಗಾಲಿಗೆ ಮಾತ್ರ ಅಲೈನ್‌ಮೆಂಟ್ ಮಾಡಿ ಕಳಿಸುವುದು ಸಾಮಾನ್ಯ. ನಾಲ್ಕೂ ಗಾಲಿಯ ಅಳತೆ ಕೇಳಿ, ಪ್ರಿಂಟ್ ತೆಗೆದುಕೊಳ್ಳಿ. ಹಿಂದಿನ ಟೋ ಎಡ ಬಲ, ಕ್ಯಾಂಬರ್ ಎಡ ಬಲ, ಮತ್ತು ಥ್ರಸ್ಟ್ ಆಂಗಲ್ ನೋಡಿ. ಥ್ರಸ್ಟ್ ಆಂಗಲ್ ಅಂದರೆ ಹಿಂದಿನ ಗಾಲಿಗಳು ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತಿವೆ ಅಂತ. ಸೊನ್ನೆ ಇದ್ದರೆ ಉತ್ತಮ. ಅದು ತಪ್ಪಿದರೆ ನೇರ ರಸ್ತೆಯಲ್ಲೂ ಸ್ಟೇರಿಂಗ್ ಓರೆ ಹಿಡಿಯಬೇಕಾಗುತ್ತದೆ, ಎಷ್ಟು ಸಲ ಮುಂದಿನ ಗಾಲಿ ಸರಿ ಮಾಡಿಸಿದರೂ ಮತ್ತೆ ಹಾಗೇ.

ಮಲ್ಟಿ ಲಿಂಕ್‌ನಲ್ಲಿ ಹಿಂದಿನ ಟೋ ತಿರುಗಿಸಿ ಸರಿ ಮಾಡಬಹುದು. ಆದರೆ ಬುಷ್ ಸವೆದಿದ್ದರೆ ಆ ಅಳತೆ ನಿಲ್ಲುವುದಿಲ್ಲ. ಟ್ವಿಸ್ಟ್ ಬೀಮ್‌ನಲ್ಲಿ ಸಾಮಾನ್ಯವಾಗಿ ತಿರುಗಿಸುವ ಜಾಗವೇ ಇಲ್ಲ. ಅಲ್ಲಿ ಅಳತೆ ತಪ್ಪಿದೆ ಅಂದರೆ ಬುಷ್ ಹೋಗಿದೆ, ಇಲ್ಲವೇ ದೊಡ್ಡ ಗುಂಡಿಗೋ ಡಿವೈಡರ್‌ಗೋ ಹೊಡೆದು ಬೀಮ್ ಅಥವಾ ಹಬ್‌ನ ತುದಿ ಬಾಗಿದೆ. ಬೀಮ್ ಬಿಸಿ ಮಾಡಿ ನೇರ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಉಕ್ಕಿನ ಗಟ್ಟಿತನ ಹೋಗುತ್ತದೆ.

ಬುಷ್ ಹಾಕಿಸುವಾಗ ಒಂದು ಮಾತು ಹೇಳಲೇಬೇಕು

ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿದರೆ ಪಾರ್ಟ್ ಡೂಪ್ಲಿಕೇಟ್ ಅಂತ ಬೈಯುತ್ತೇವೆ. ಹಲವು ಸಲ ಪಾರ್ಟ್ ಅಲ್ಲ, ಬಿಗಿ ಮಾಡಿದ ರೀತಿ ಕಾರಣ. ಲಿಫ್ಟ್ ಮೇಲೆ ಗಾಲಿ ತೂಗಾಡುವಾಗಲೇ ಬುಷ್ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ ರಬ್ಬರು ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಕಾರು ಕೆಳಗಿಳಿಸಿದ ಕೂಡಲೇ ಅದು ತಿರುಚಿಕೊಂಡೇ ನಿಲ್ಲುತ್ತದೆ, ದಿನವಿಡೀ. ಅದಕ್ಕೇ ಬೋಲ್ಟನ್ನು ಮೊದಲು ಸುಮ್ನೆ ಹಿಡಿಸಿ, ಗಾಲಿಯ ಮೇಲೆ ಕಾರಿನ ಭಾರ ಬಂದ ಮೇಲೆ, ಕಾರು ನಿಂತಿರುವ ಎತ್ತರದಲ್ಲಿ ಪೂರ್ತಿ ಬಿಗಿ ಮಾಡಬೇಕು, ಅದೂ ಟಾರ್ಕ್ ರೆಂಚ್‌ನಲ್ಲಿ, ಕಂಪನಿಯ ಮ್ಯಾನುಯಲ್‌ನಲ್ಲಿ ಹೇಳಿದಷ್ಟು. ಕೆಲಸ ಶುರು ಮಾಡುವ ಮೊದಲೇ ಮೆಕ್ಯಾನಿಕ್ ಹತ್ತಿರ ಕೇಳಿ: "ಅಣ್ಣ, ಬುಷ್ ಬೋಲ್ಟ್ ಕಾರು ಇಳಿಸಿದ ಮೇಲೆ ಟೈಟ್ ಮಾಡ್ತೀರಲ್ವಾ?" ಕೆಲಸ ಗೊತ್ತಿದ್ದವರು ಹೌದು ಅನ್ನುತ್ತಾರೆ. ಯಾಕೆ ಅಂತ ತಿರುಗಿ ಕೇಳಿದರೆ ವಿವರಿಸಿ, ಒಪ್ಪದಿದ್ದರೆ ಬೇರೆ ಕಡೆ ಹೋಗಿ.

ತುಕ್ಕು ಹಿಡಿದ ಬೋಲ್ಟ್ ಇದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿಡಿ, ರಬ್ಬರಿಗೆ ತಾಗದ ಹಾಗೆ. ಹೊಸ ಬೋಲ್ಟ್, ನಟ್ ಬುಷ್ ಜೊತೆಗೇ ತರಿಸಿ. ಹಾಕಿಸಿದ ಮೇಲೆ ನಾಲ್ಕೂ ಗಾಲಿ ಅಲೈನ್‌ಮೆಂಟ್, ಹಳೆ ಚೀಟಿಯ ಜೊತೆ ಹೋಲಿಸಿ.

ಕೊನೆಗೆ, ಹುಡುಕುವಾಗ ಸಿಕ್ಕಿದರೆ ಕಾರು ಅಲ್ಲೇ ನಿಲ್ಲಿಸಬೇಕಾದವು ಕೆಲವು ಉಂಟು. ಮುರಿದ ಸ್ಪ್ರಿಂಗ್, ಅದರ ಚೂಪು ತುದಿ ಟಯರನ್ನು ಸೀಳಬಹುದು. ಕೈಗೆ ಆಟ ಸಿಗುವ ವೀಲ್ ಬೇರಿಂಗ್. ಸಡಿಲ ಆದ ಟೋ ಲಿಂಕ್. ಬೀಮ್ ಅಥವಾ ಆರ್ಮ್‌ನ ವೆಲ್ಡಿಂಗ್‌ನಲ್ಲಿ ಬಿರುಕು. ಇವುಗಳಲ್ಲಿ ಯಾವುದು ಇದ್ದರೂ ಗ್ಯಾರೇಜಿನ ತನಕ ನಿಧಾನ ಓಡಿಸಿಕೊಂಡು ಹೋಗೋಣ ಅನ್ನಬೇಡಿ. ಟೋಯಿಂಗ್‌ಗೆ ಫೋನ್ ಮಾಡುವಾಗ ಫ್ಲಾಟ್‌ಬೆಡ್ (ಕಾರನ್ನು ಪೂರ್ತಿ ಮೇಲೆ ಹೇರಿಕೊಂಡು ಹೋಗುವ ಲಾರಿ) ಬೇಕು ಅಂತಲೇ ಹೇಳಿ. ಆಲ್ ವೀಲ್ ಡ್ರೈವ್ ಆದರೆ ಅದನ್ನೂ ತಿಳಿಸಿ, ಅಂಥ ಗಾಡಿಯ ನಾಲ್ಕೂ ಗಾಲಿ ನೆಲದಿಂದ ಮೇಲೆ ಇರಬೇಕು.